ಕಲ್ಲಿನ ಮೇಲೆ ಕೂತ ಕರಡಿ

ಹೋದ ವಾರ ಅಟ್ಟದಿಂದ ಕಂಬಳಿ ಇಳಿಸುವಾಗ ಒಂದು ತಗಡಿನ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳ ಎಬ್ಬಿಸಿದ ಕೂಡಲೇ ಕರಿಮೆಣಸಿನ ಘಾಟು ಮೂಗಿಗೆ ಹೊಡೆದು ಸೀನು ಬಂತು. ಒಳಗೆ ಮೆಣಸಿನ ಕಾಳುಗಳಲ್ಲಿ ಅರ್ಧ ಹೂತು ಒಂದು ಟಿವಿ ಗೇಮ್ ಕ್ಯಾಸೆಟ್ಟು. ನಮ್ಮ ಹೆತ್ತೂರಿನ ಕಡೆ ಮಳೆಗಾಲ ಬಂತೆಂದರೆ ಚಪ್ಪಲಿ, ಬೆಲ್ಟು, ಗೋಡೆಯ ಮೇಲಿನ ದೇವರ ಪಟ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿಗೆ ಹಿಡಿಯಬಾರದೆಂದು ನಮ್ಮಕ್ಕ ರತ್ನ ಅದನ್ನು ಒಣಗಿದ ಮೆಣಸಿನೊಳಗೆ ಇಟ್ಟಿದ್ದಳು. ಹಾಗೆ ಇಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಕ್ಯಾಸೆಟ್ಟಿನ ಕಥೆ ನಮ್ಮ ಎಸ್ಟೇಟಿನ ಕೂಲಿ ಲೈನಿನ ಮನೆಮನೆಗೂ ಗೊತ್ತು. ಆದರೆ ಅವರು ಹೇಳುವ ಕಥೆಯಲ್ಲಿ ತಪ್ಪೆಲ್ಲ ಕ್ಯಾಸೆಟ್ಟಿನದೇ. ಆ ಹಾಳು ಆಟದಿಂದ ರತ್ನನ ಕಾಲು ಹೋಯಿತು ಅನ್ನುತ್ತಾರೆ. ನಮ್ಮ ಅವ್ವನೂ ಹಾಗೇ ಅನ್ನುತ್ತಾಳೆ, ನನ್ನ ಮೇಲಿನ ಪ್ರೀತಿಗೆ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಆದರೂ ನಾನು ಮಾಡಿದ್ದನ್ನು ಒಂದು ಪ್ಲಾಸ್ಟಿಕ್ ತುಂಡಿನ ತಲೆಗೆ ಕಟ್ಟಲು ಬಿಡುವುದಿಲ್ಲ. ಮಾಡಿದವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಕೆಲವು ವರ್ಷದ ಹಿಂದಿನ ಮಾತು. ಸಾಹುಕಾರರು ತಮ್ಮ ಹಳೇ ಬಂಗಲೆಯನ್ನು ಹೋಂಸ್ಟೇ ಮಾಡಲು ಹೊರಟಿದ್ದರು. ಕೋಣೆಗಳನ್ನು ಖಾಲಿ ಮಾಡುವಾಗ ಅವರ ಮಗ ಚಿಕ್ಕವನಿದ್ದಾಗ ಆಡುತ್ತಿದ್ದ ಟಿವಿ ಗೇಮು, ಅದರ ಜೊತೆಗೆ ಡಬ್ಬದಂಥ ದಪ್ಪ ಟಿವಿ, ಎರಡೂ ಹೊರಗೆ ಬಂದವು. ಅಮ್ಮಾವ್ರು ಅವನ್ನು ಅಕ್ಕನಿಗೆ ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು: ಕರೆಂಟ್ ಹೋದಾಗ ತಪ್ಪದೆ ಸ್ವಿಚ್ ಆರಿಸಬೇಕು, ವಾಪಸ್ ಬರುವಾಗ ಜಾಸ್ತಿ ನುಗ್ಗಿ ಬಂದರೆ ಅಡಾಪ್ಟರ್ ಸುಟ್ಟುಹೋಗುತ್ತದೆ, ಆ ಅಡಾಪ್ಟರ್ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕ್ಯಾಸೆಟ್ಟು ಇದ್ದದ್ದು ಒಂದೇ. ಅದರಲ್ಲಿ ಒಂದು ಕಾಡು. ಕರಡಿ, ನೀರುನಾಯಿ, ಮುಸಿಯ, ಅಳಿಲು, ಯಾವ ಪ್ರಾಣಿ ಬೇಕಾದರೂ ಆಗಿ ಇಬ್ಬರು ಒಟ್ಟಿಗೆ ಆಡಬಹುದು. ಮುಸಿಯ ಅಂದರೆ ಉದ್ದ ಬಾಲದ ಕೋತಿ, ಬಳ್ಳಿ ಹಿಡಿದು ಹಾರುತ್ತದೆ, ನೀರುನಾಯಿ ಮುಳುಗುತ್ತದೆ, ಅಳಿಲು ಬಿಲದೊಳಗೆ ನುಸುಳುತ್ತದೆ. ಕರಡಿಗೆ ಓಡಲೂ ಬಾರದು, ಹಾರಲೂ ಬಾರದು, ಭಾರ ಮಾತ್ರ ಇದೆ. ದಾರಿಯುದ್ದಕ್ಕೂ ಕೆಂಪು ಹಣ್ಣು ತೂಗುತ್ತಿರುತ್ತವೆ, ಅವನ್ನು ಕಿತ್ತುಕೊಂಡು ಹೋಗಬೇಕು. ಅಲ್ಲಲ್ಲಿ ಚಿನ್ನದ ಗಂಟೆಗಳು ಅಡಗಿರುತ್ತವೆ. ಎಲ್ಲ ಗಂಟೆ ಸಿಕ್ಕಿದರೆ ಮಾತ್ರ ಕೊನೆಯ ಬಾಗಿಲು ತೆಗೆಯುತ್ತದೆ. ಪರದೆಯ ಮೇಲೆ ಬರುವ ಇಂಗ್ಲಿಷ್ ನಮಗೆ ಓದಲು ಬರುತ್ತಿರಲಿಲ್ಲ. ಪ್ರಾಣಿಗಳಿಗೆ ನಾವೇ ಹೆಸರಿಟ್ಟೆವು. ಕರಡಿಯ ಹೊಟ್ಟೆ ನೋಡಿದ ಕೂಡಲೇ ಅಕ್ಕ "ಇದು ನಮ್ಮ ರೈಟ್ರು" ಅಂದಳು. ಹಾಜರಿ ಬರೆಯುವ ರೈಟರ್ ಸಣ್ಣಪ್ಪನವರಿಗೆ ಇದು ಹೇಗೋ ತಿಳಿದು ಒಂದು ವಾರ ನಮ್ಮಿಬ್ಬರಿಗೂ ಗೊಬ್ಬರ ಹೊರುವ ಕೆಲಸ ಹಾಕಿದರು.

ಅಕ್ಕ ಆಟವನ್ನೂ ಕಾಫಿ ಹಣ್ಣು ಬಿಡಿಸುವ ಹಾಗೇ ಆಡುತ್ತಿದ್ದಳು. ಒಂದು ಹಣ್ಣು ಹಿಂದೆ ಉಳಿದರೆ ತಿರುಗಿ ಹೋಗಿ ಕೀಳುವವಳು. ನನಗೆ ಅಷ್ಟು ತಾಳ್ಮೆಯಿಲ್ಲ. ಹೊಳೆಯುವುದು ಕಂಡರೆ ಅದರ ಕಡೆಗೇ ಓಟ.

"ಲೋ ಮಂಜ, ಗಿಡ ಬುಟ್ಟು ಗಿಡಕ್ಕೆ ಹಾರಬೇಡ ಕಣೋ. ಇದೊಂದು ಸಾಲು ಮುಗೀಲಿ."

"ಇಲ್ಲೇನ್ ರೈಟ್ರು ನೋಡ್ತವ್ರಾ?"

"ರೈಟ್ರು ಕಲ್ಲ್ ಮೇಲೆ ಕೂತವ್ರೆ ನೋಡು, ಹೊಟ್ಟೆ ಬುಟ್ಕೊಂಡು."

ಅದು ನಿಜ. ಆಟದ ಕೆಲವು ಕಡೆ ಒಂದು ಚಪ್ಪಟೆ ಕಲ್ಲಿರುತ್ತದೆ. ಒಬ್ಬರು ಕರಡಿಯನ್ನು ತಂದು ಕಲ್ಲಿನ ಮೇಲೆ ಕೂರಿಸಿ ಕೈಯಲ್ಲಿರುವ ರಿಮೋಟಿನ ಗುಂಡಿಯನ್ನು ಅದುಮಿ ಹಿಡಿದಿರಬೇಕು. ಆಗ ದೂರದಲ್ಲಿ ಒಂದು ಬಾಗಿಲು ಮೇಲೇಳುತ್ತದೆ. ಇನ್ನೊಬ್ಬರು ಮುಸಿಯನನ್ನು ಅದರಡಿ ದಾಟಿಸಬೇಕು. ಹೆಬ್ಬೆರಳು ಎತ್ತಿದರೆ ಬಾಗಿಲು ಬೀಳುತ್ತದೆ. ಕರಡಿಯ ಕೆಲಸ ಅಷ್ಟೇ. ನನಗೆ ಬೇಜಾರಿನ ಕೆಲಸ.

ಆ ವರ್ಷ ಮೆಣಸು ಬಿಡಿಸುವ ಕಾಲದಲ್ಲಿ ಅಕ್ಕ ಏಣಿ ಹತ್ತಿದಳು. ನಮ್ಮಲ್ಲಿ ಮೆಣಸಿನ ಬಳ್ಳಿಯನ್ನು ಸಿಲ್ವರ್ ಮರಕ್ಕೆ ಹಬ್ಬಿಸಿರುತ್ತಾರೆ. ಏಣಿ ಅಂದರೆ ಒಂದೇ ಉದ್ದನೆಯ ಬಿದಿರು. ಗೆಣ್ಣಿನ ಕಡ್ಡಿಗಳನ್ನು ಒಂದು ಗೇಣು ಉಳಿಸಿ ಕಡಿದಿರುತ್ತಾರೆ, ಅವುಗಳ ಮೇಲೆ ಪಾದ ಇಟ್ಟು ಹತ್ತಬೇಕು. ಅದು ಗಂಡಸರ ಕೆಲಸ ಎಂದು ಲೆಕ್ಕ. ಕೂಲಿ ಜಾಸ್ತಿ. ಹೆಂಗಸರು ಕೆಳಗೆ ಉದುರಿದ್ದನ್ನು ಆರಿಸಬೇಕು. ಆ ಸಲ ಏಣಿ ಹತ್ತುವವನೊಬ್ಬ ಅರ್ಧಕ್ಕೇ ವನಗೂರಿನ ಬೇರೆ ಎಸ್ಟೇಟಿಗೆ ಹೋಗಿಬಿಟ್ಟ. ಗೊನೆ ಹಣ್ಣಾಗಿ ಉದುರುತ್ತಿತ್ತು. ಅಕ್ಕ ಯಾರನ್ನೂ ಕೇಳದೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತಿಬಿಟ್ಟಳು. ರೈಟರ್ ಓಡಿ ಬಂದರು.

"ಇಳಿಯಮ್ಮ ರತ್ನ. ಸಾವ್ಕಾರ್ರು ನೋಡಿದ್ರೆ ನನ್ನ ಬೈತಾರೆ."

"ಬಂದು ಇಳಿಸ್ಕೊಳ್ಳಿ ರೈಟ್ರೆ."

ಕೆಳಗಿದ್ದ ಹೆಂಗಸರೆಲ್ಲ ನಕ್ಕರು. ಸಂಜೆ ತೂಕ ಹಾಕಿದಾಗ ಅವಳ ಮೆಣಸು ಗಂಡಸರಿಗಿಂತ ಕಡಿಮೆ ಇರಲಿಲ್ಲ. ಸಾಹುಕಾರರು ತಕ್ಕಡಿ ನೋಡಿದರು, ಅವಳನ್ನು ನೋಡಿದರು, "ನಾಳೇನೂ ಹತ್ತು" ಅಂದರು. ಪಕ್ಕದ ಮನೆಯ ಜಯಕ್ಕನಿಗೂ, ಇನ್ನೂ ಕೆಲವರಿಗೂ ಆವತ್ತೇ ಆಸೆ ಹುಟ್ಟಿತು. "ಮೇಲೆ ಹೆಂಗಿರ್ತೈತೆ ರತ್ನ?" ಎಂದು ಜಯಕ್ಕ ಕೇಳಿದರೆ ಅಕ್ಕ ಹೇಳಿದ್ದು ಇಷ್ಟು: "ಗಾಳಿ ಬುಟ್ರೆ ಇನ್ನ್ಯಾರ ಮಾತೂ ಕೇಳಲ್ಲ ಕಣಕ್ಕ."

ಏಣಿಯ ಬುಡ ಹಿಡಿಯಲು ಅವಳು ನನ್ನನ್ನು ಆರಿಸಿಕೊಂಡಳು. ಆ ಕೆಲಸಕ್ಕೆ ಒಂದು ಕ್ರಮವಿದೆ. ಮೇಲಿರುವವರು ಏಣಿಯ ತುದಿಯನ್ನು ಮರಕ್ಕೆ ಹಗ್ಗದಿಂದ ಕಟ್ಟಿಕೊಂಡಿರುತ್ತಾರೆ. ಒಂದು ಕಡೆಯ ಗೊನೆ ಮುಗಿದ ಮೇಲೆ ಕಟ್ಟು ಬಿಚ್ಚಿ ಏಣಿಯನ್ನು ಜರುಗಿಸಬೇಕು. ಬಿಚ್ಚುವ ಮೊದಲು ಮೇಲಿನಿಂದ "ಕೈ ಐತಾ?" ಎಂದು ಕೂಗುತ್ತಾರೆ. ಕೆಳಗಿನವನು ಪಾದವನ್ನು ಬುಡಕ್ಕೆ ಒತ್ತಿ, ಎರಡೂ ಕೈಯಲ್ಲಿ ಬಿದಿರು ಹಿಡಿದು "ಐತೆ" ಅನ್ನಬೇಕು. ಮೇಲಿನವರು ಬಗ್ಗಿ ನೋಡುವುದಿಲ್ಲ. ನೋಡಿದರೆ ತಲೆ ತಿರುಗುತ್ತದೆ. ಆ ಒಂದು ಮಾತನ್ನು ನಂಬಿ ಗಂಟು ಬಿಚ್ಚುತ್ತಾರೆ.

ಒಂದು ದಿನ ಗಾಳಿಗೆ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಮಾರನೇ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅಕ್ಕ ಕೇಳಿದಳು.

"ಟಿವಿ ಸ್ವಿಚ್ ಆರಿಸ್ದ್ಯೇನೋ?"

"ಆರಿಸ್ದೆ."

ಆರಿಸಿರಲಿಲ್ಲ. ಕರೆಂಟ್ ಬಂದದ್ದು ಗೊತ್ತಾಗಲೆಂದು ಲೈನಿನಲ್ಲಿ ಎಲ್ಲರೂ ಒಂದು ಬಲ್ಬಿನ ಸ್ವಿಚ್ ಹಾಕಿಯೇ ಇಡುತ್ತಾರೆ. ನಾನು ಟಿವಿಯನ್ನೂ ಆಟವನ್ನೂ ಹಾಕಿ, ಸದ್ದು ಜೋರು ಮಾಡಿ ಇಟ್ಟಿದ್ದೆ. ಆವತ್ತಿನ ಕೆಲಸ ಲೈನಿನ ಮೇಲುಗಡೆಯ ತೋಟದಲ್ಲೇ ಇತ್ತು. ಕರೆಂಟ್ ಬಂದರೆ ಹಾಡು ಕೇಳುತ್ತದೆ, ಮಧ್ಯಾಹ್ನ ಊಟಕ್ಕೆ ಬಂದಾಗ ಒಂದಾಟ ಆಡಬಹುದು ಎಂಬುದು ನನ್ನ ಎಣಿಕೆ.

ಬಿಸಿಲೇರುವ ಹೊತ್ತಿಗೆ ಅಕ್ಕ ಎತ್ತರದಲ್ಲಿದ್ದಳು. ಮೇಲಿನಿಂದ ಕೂಗಿದಳು.

"ಕೈ ಐತೇನೋ?"

"ಐತೆ ಕಣಕ್ಕ."

ಆ ಕ್ಷಣಕ್ಕೆ ಅದು ಸುಳ್ಳಾಗಿರಲಿಲ್ಲ. ಅವಳು ಗಂಟಿಗೆ ಕೈ ಹಾಕಿದಳು. ಆಗ ಕೆಳಗೆ ನಮ್ಮ ಮನೆಯಿಂದ ಆಟದ ಹಾಡು ಶುರುವಾಯಿತು. ಒಮ್ಮೆ ಜೋರಾಗಿ, ಒಮ್ಮೆ ಎಳೆದ ಹಾಗೆ. ಕರೆಂಟ್ ಹೆಚ್ಚು ಕಮ್ಮಿ ಬರುತ್ತಿದೆ, ಅಡಾಪ್ಟರ್ ಸುಡುತ್ತದೆ ಎಂದು ನನ್ನ ತಲೆಗೆ ಹೋಯಿತು. ಗಂಟು ಬಿಗಿಯಾಗಿದೆ, ಬಿಚ್ಚಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಓಡಿ ಬಂದುಬಿಡಬಹುದು ಅಂದುಕೊಂಡೆ. "ತಡಿ ಅಕ್ಕ" ಎಂದು ಒಂದು ಮಾತು ಕೂಗಬಹುದಿತ್ತು. ಕೂಗಿದ್ದರೆ ಸ್ವಿಚ್ ಆರಿಸದೆ ಸುಳ್ಳು ಹೇಳಿದ್ದು ಗೊತ್ತಾಗುತ್ತಿತ್ತು. ಕೂಗಲಿಲ್ಲ. ಮೆಲ್ಲಗೆ ಕೈ ಬಿಟ್ಟು ಓಡಿದೆ.

ಸ್ವಿಚ್ ಒತ್ತಿದೆ. ಹಾಡು ನಿಂತಿತು. ಆ ನಿಶ್ಶಬ್ದದಲ್ಲಿ ಬಿದಿರು ನೆಲಕ್ಕೆ ಬಡಿದ ಸದ್ದು ಕೇಳಿತು.

ಅಡಾಪ್ಟರಿಗೆ ಏನೂ ಆಗಿರಲಿಲ್ಲ.

ನಾನು ಹೋಗುವಷ್ಟರಲ್ಲಿ ಜಯಕ್ಕ, ರೈಟರ್ ಎಲ್ಲ ಸೇರಿದ್ದರು. ಅಕ್ಕನ ಎಡಗಾಲು ಮೊಣಕಾಲಿನ ಕೆಳಗೆ ತಿರುಗಿಕೊಂಡಿತ್ತು. ಅವಳು ಕೂಗುತ್ತಿರಲಿಲ್ಲ, ಸೆರಗನ್ನು ಕಚ್ಚಿಕೊಂಡಿದ್ದಳು. ಹೇಗಾಯಿತು ಎಂದು ರೈಟರ್ ನನ್ನನ್ನು ಕೇಳಿದರು.

"ಕಾಲು ಜಾರ್ತು" ಅಂದೆ.

ಅಷ್ಟೇ ನಾನು ಆಡಿದ್ದು. ಉಳಿದದ್ದನ್ನು ಊರು ಆಡಿತು. ಹೆಣ್ಣು ಏಣಿ ಹತ್ತಿದರೆ ಇನ್ನೇನಾಗುತ್ತದೆ, ಸೊಕ್ಕು ಇಳಿಯಿತು, ಮೊದಲೇ ಹೇಳಿದ್ದೆವು. ಹಾಸನದ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು. ಖರ್ಚನ್ನು ಸಾಹುಕಾರರೇ ನೋಡಿಕೊಂಡರು. ಅವರು ಕೆಟ್ಟವರಲ್ಲ. ಆದರೆ ವಾಪಸ್ ಬಂದ ದಿನವೇ ಹಾಜರಿಯಲ್ಲಿ ನಿಂತು, ಇನ್ನು ನನ್ನ ತೋಟದಲ್ಲಿ ಯಾವ ಹೆಂಗಸೂ ಏಣಿ ಮುಟ್ಟಬಾರದು ಎಂದರು. ಆ ವರ್ಷ ಏಣಿ ಹತ್ತಬೇಕೆಂದಿದ್ದ ಜಯಕ್ಕ ಬುಟ್ಟಿ ಎತ್ತಿಕೊಂಡು ನೆಲದ ಕಾಳು ಆರಿಸಲು ಹೋದಳು. ನಾನು ಸುಮ್ಮನೆ ನೋಡಿದೆ. ನನ್ನ ಎರಡು ಪದ ಎಷ್ಟು ಜನರನ್ನು ಕೆಳಗೇ ಉಳಿಸಿತು ಎಂದು ಆವತ್ತು ಗೊತ್ತಾಯಿತು.

ಮಳೆಗಾಲ ಹಿಡಿಯಿತು. ಗಾಯ ಕೀವಾಗಿ, ಮತ್ತೆ ಆಸ್ಪತ್ರೆ ಸೇರಿ, ಅಕ್ಕನ ಕಾಲು ನೆಲಕ್ಕೆ ಊರಲು ಬಹಳ ತಡವಾಯಿತು. ಹೆತ್ತೂರಿನ ಮಳೆಯ ಬಗ್ಗೆ ಹೇಳುವುದೇನಿದೆ, ಬೆಳಿಗ್ಗೆ ಒಲೆಯ ಮೇಲೆ ಕಟ್ಟಿದ ಬಟ್ಟೆ ಸಂಜೆಗೂ ಹಸಿಯೇ. ಎಸ್ಟೇಟಿನ ಸ್ಟೋರಿನಲ್ಲಿ ಕೆಲಸ ಮಾಡುವ ಅವ್ವ ಮಳೆಗೆ ತಲೆ ಮೇಲೆ ಹೊದ್ದ ಗೊಪ್ಪೆ ಬಾಗಿಲಲ್ಲಿ ಕೊಡವಿ ಒಳಗೆ ಬಂದರೆ ಟಿವಿಯನ್ನು ಕಂಡು ಹಲ್ಲು ಕಡಿಯುತ್ತಿದ್ದಳು.

"ಈ ಶನಿಯ ಹಳ್ಳಕ್ಕೆ ಎಸಿತೀನಿ ನೋಡು. ಇದು ಬಂದ ಗಳಿಗೆನೇ ಸರಿ ಇಲ್ಲ."

"ಅದೇನ್ ಮಾಡ್ತು ಬಿಡವ್ವ. ಅದಕ್ಕೆ ಕೈಯಾ, ಕಾಲಾ?" ಅನ್ನುತ್ತಿದ್ದಳು ಅಕ್ಕ. ಅನ್ನುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

ಕರೆಂಟ್ ಇದ್ದಷ್ಟು ಹೊತ್ತು ನಾವಿಬ್ಬರೂ ಆಡಿದೆವು. ಮಂಚದ ಮೇಲೆ ಅವಳು, ನೆಲದಲ್ಲಿ ನಾನು. ಕ್ಯಾಸೆಟ್ಟು ನಿಲ್ಲಿಸಿದ ಜಾಗವನ್ನು ನೆನಪಿಟ್ಟುಕೊಳ್ಳುತ್ತಿತ್ತು. ಆಟ ಮುಗಿದ ಮೇಲೆ ಅದನ್ನು ಮೆಣಸಿನ ಡಬ್ಬಿಗೆ ಹಾಕುವುದು ಅವಳ ಕೆಲಸ. ಒಂದು ಮಧ್ಯಾಹ್ನ ದೊಡ್ಡ ಜಲಪಾತದ ಹತ್ತಿರ ಬಂದೆವು. ನಾನು ಕರಡಿ. ಕಲ್ಲಿನ ಮೇಲೆ ಕೂರಿಸಿ ಗುಂಡಿ ಅದುಮಿ ಹಿಡಿದಿದ್ದೆ. ಅವಳ ಮುಸಿಯ ತೆರೆದ ಬಾಗಿಲಿನಡಿ ನುಗ್ಗುತ್ತಿತ್ತು. ಆಗ ಪರದೆಯ ಮೂಲೆಯಲ್ಲಿ ಒಂದು ಗಂಟೆ ಹೊಳೆಯಿತು. ನನ್ನ ಹೆಬ್ಬೆರಳು ತಾನಾಗಿಯೇ ಎದ್ದಿತು. ಕರಡಿ ಇಳಿಯಿತು, ಬಾಗಿಲು ಮುಸಿಯನ ಮೇಲೆ ಬಿತ್ತು.

ಅಕ್ಕ ಕೈಯಲ್ಲಿದ್ದ ರಿಮೋಟನ್ನು ಕೆಳಗಿಟ್ಟಳು.

"ಇಲ್ಲೂ ಬುಟ್ಯಾ?"

ನಾನು ಕರಡಿಯನ್ನು ಮತ್ತೆ ಕಲ್ಲಿನ ಕಡೆ ತಿರುಗಿಸಿದೆ. ಅವಳೇ ಹೇಳಿದಳು.

"ಅವತ್ತು ಹಾಡು ನಂಗೂ ಕೇಳ್ತು ಕಣೋ."

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

"ನಾನ್ಯಾಕೆ ಹೇಳ್ಲಿ? ಬಾಯಿ ಐತಲ್ಲ ನಿಂಗೆ."

"ಬಿದ್ದಿದ್ದಕ್ಕೆ ಸಿಟ್ಟಾ ಅಕ್ಕ?"

"ಬೀಳೋದು ಯಾರಾದ್ರೂ ಬೀಳ್ತಾರೆ. ಐತೆ ಅಂದ್ಯಲ್ಲ. ಆಮೇಲೆ ಜಾರ್ತು ಅಂದೆ. ಈಗ ನನ್ನ ಏಣಿ ಹೋಯ್ತು." ಹೀಗೆಂದು ಗೋಡೆಯ ಕಡೆ ತಿರುಗಿಕೊಂಡಳು. ಆವತ್ತಿನಿಂದ ನಾವು ಆಟ ಮುಟ್ಟಲಿಲ್ಲ.

ಅಲ್ಲೇ ನಾನು ಹೋಗಿ ಎಲ್ಲರೆದುರು ಹೇಳಬೇಕಿತ್ತು. ಹೇಳಲಿಲ್ಲ. ಮಳೆ ನಿಂತಿತು, ಕಾಫಿ ಹಣ್ಣಾಯಿತು, ಬಿಡಿಸಿ ಒಣಗಿಸಿದ್ದೂ ಆಯಿತು. ಅಕ್ಕ ಮೊದಲು ಕೋಲು ಹಿಡಿದು, ಆಮೇಲೆ ಕೋಲಿಲ್ಲದೆ ನಡೆದಳು. ಕುಂಟು ಉಳಿಯಿತು. ದಿನವೂ ನನ್ನ ಮುಂದೆಯೇ ಅಂಗಳದಲ್ಲಿ ಒಂದು ಕಾಲ ಮೇಲೆ ನಿಂತು ಅಭ್ಯಾಸ ಮಾಡುತ್ತಿದ್ದಳು. ಬಾಯಿ ತೆಗೆಯಲು ನನಗೆ ಅಷ್ಟು ತಿಂಗಳು ಸಾಲಲಿಲ್ಲ. ಏಣಿ ಬಿಟ್ಟದ್ದು ಅವಸರಕ್ಕೆ ಎಂದಾದರೂ ಹೇಳಬಹುದು. ಈ ಸುಮ್ಮನಿದ್ದುದಕ್ಕೆ ಯಾವ ನೆಪವೂ ಇಲ್ಲ.

ಮತ್ತೆ ಮೆಣಸು ಬಂತು. ಮೊದಲ ದಿನ ಸ್ಟೋರಿನ ಮುಂದೆ ಹಾಜರಿ. ರೈಟರ್ ಹೆಸರು ಕೂಗಿ ಕೆಲಸ ಹಂಚುತ್ತಿದ್ದರು, ಸಾಹುಕಾರರು ಜೀಪಿಗೆ ಒರಗಿ ನಿಂತಿದ್ದರು. ಅಕ್ಕ ಸೊಂಟಕ್ಕೆ ಚೀಲ ಕಟ್ಟಿಕೊಂಡೇ ಬಂದಿದ್ದಳು.

"ನಂಗೆ ಏಣಿ ಕೊಡಿ ಸಾವ್ಕಾರ್ರೆ."

"ಒಂದ್ಸಲ ಜಾರಿದ್ದು ಸಾಕು ರತ್ನ. ಆರಿಸಕ್ಕೆ ಹೋಗು."

ಅವಳು ನನ್ನನ್ನು ನೋಡಲಿಲ್ಲ. ನೋಡಿದ್ದರೆ ಬಹುಶಃ ಆವತ್ತೂ ನಾನು ತಲೆ ತಗ್ಗಿಸುತ್ತಿದ್ದೆ. ನಾನೊಬ್ಬ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮುಂದೆ ನೋಡುತ್ತಾ ನಿಂತಳು. ಅದನ್ನು ತಡೆಯಲಾಗಲಿಲ್ಲ.

"ಅವಳು ಜಾರ್ಲಿಲ್ಲ" ಅಂದೆ. "ನಾನು ಏಣಿ ಬುಟ್ಟೆ."

ರೈಟರ್ ಪೆನ್ನು ನಿಂತಿತು. ಸಾಹುಕಾರರು ಹತ್ತಿರ ಬಂದರು.

"ಯಾಕೆ ಬುಟ್ಟೆ? ಆನೆ ಬಂತಾ?"

"ಇಲ್ಲ. ಟಿವಿ ಆಫ್ ಮಾಡಕ್ಕೆ ಹೋದೆ."

ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ನಾನು ನಿಂತೇ ಇದ್ದೆ. ನಗು ಮುಗಿಯುವ ತನಕ ಕಾದು ಪೂರ್ತಿ ಹೇಳಿದೆ: ಸ್ವಿಚ್ಚು, ಹಾಡು, ಐತೆ ಎಂದದ್ದು, ಜಾರ್ತು ಎಂದದ್ದು. ಕೊನೆಗೆ ಯಾರೂ ನಗುತ್ತಿರಲಿಲ್ಲ. ಸೂಜಿಯ ಹಾಗೆ ಮೊನಚಾದ ಜಯಕ್ಕನ ದನಿ ಬಂತು.

"ಹಂಗಾರೆ ಏಣಿ ಬುಡದಿಂದ ಓಡಿಸ್ಬೇಕಾದ್ದು ಇವನ್ನ. ನಮ್ಮನ್ನ ಯಾಕೆ ತಡೆದ್ರಿ ಸಾವ್ಕಾರ್ರೆ?"

"ಅದ್ಸರಿ ಕಣಮ್ಮ, ಈಗ ಅವಳ ಕಾಲಲ್ಲಿ ರಾಡ್ ಐತೆ."

"ರಾಡ್ ಹಾಕಿದ್ಮೇಲೆ ಮುಂಚಿಗಿಂತ ಗಟ್ಟಿ ಆಗೈತೆ ಬಿಡಿ" ಅಂದಳು ಅಕ್ಕ.

ಜಯಕ್ಕ ತನ್ನ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಅವಳ ಪಕ್ಕದವಳೂ ಹಾಗೇ ಮಾಡಿದಳು. ನೋಡುತ್ತಿದ್ದಂತೆ ಸ್ಟೋರಿನ ಮುಂದೆ ಒಂದು ಬುಟ್ಟಿಯೂ ನೆಟ್ಟಗೆ ಉಳಿಯಲಿಲ್ಲ. ಸ್ಟೋರಿನ ಬಾಗಿಲಲ್ಲಿ ನಿಂತಿದ್ದ ನಮ್ಮವ್ವ ನನ್ನ ಕಡೆ ಒಮ್ಮೆ ನೋಡಿ, ಹೋಗಿ ಅವರ ನಡುವೆ ಕೂತಳು. ಹಣ್ಣಾದ ಮೆಣಸು ಯಾರಿಗೂ ಕಾಯುವುದಿಲ್ಲ, ಸಾಹುಕಾರರಿಗೂ ಅದು ಗೊತ್ತು. ತೋಟದ ಕಡೆ ನೋಡಿ, "ಹತ್ತಿ ಸಾಯಿರಿ. ಬುಡ ಹಿಡಿಯೋದು ಯಾರು?" ಅಂದರು.

ನಾನು ಒಂದು ಹೆಜ್ಜೆ ಮುಂದೆ ಇಟ್ಟೆ.

"ನೀನಲ್ಲ" ಅಂದಳು ಅಕ್ಕ. "ಜಯಕ್ಕ, ನೀ ಬಾ."

ಅಂದಿನಿಂದ ಅವಳ ಏಣಿ ಹಿಡಿಯುವುದು ಜಯಕ್ಕ, ಜಯಕ್ಕನ ಏಣಿ ಹಿಡಿಯುವುದು ಅಕ್ಕ. ನಾನು ಮೂಟೆ ಹೊರುತ್ತೇನೆ. ಲೈನಿನಲ್ಲಿ ನನ್ನ ಹೆಸರು ಸ್ವಿಚ್ ಮಂಜ. ಸಕಲೇಶಪುರದ ಸಂತೆಯಲ್ಲೂ ಹಾಗೇ ಕರೆಯುತ್ತಾರೆ. ಕರೆಯಲಿ, ಓಗೊಡುತ್ತೇನೆ. ಇಂಥದ್ದನ್ನೆಲ್ಲ ಹೇಳಿಕೊಂಡು ತಿರುಗುತ್ತೀಯಲ್ಲ, ನಾಚಿಕೆ ಇಲ್ಲವಾ ಎಂದು ಕೇಳುವವರಿದ್ದಾರೆ. ನಾಚಿಕೆ ಇದ್ದದ್ದರಿಂದಲೇ ಅಷ್ಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಆ ನಾಚಿಕೆಯಿಂದ ಯಾರಿಗೂ ಒಂದು ಮೆಟ್ಟಿಲು ಸಿಗಲಿಲ್ಲ. ಕ್ಷಮಿಸು ಎಂದು ಅಕ್ಕನನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಕೇಳಿದರೆ ಅವಳು ಏನಾದರೂ ಹೇಳಬೇಕಾಗುತ್ತದೆ. ಆ ಭಾರವನ್ನೂ ಅವಳ ಮೇಲೆ ಹಾಕಲಾರೆ.

ಹೋದ ವಾರ ಡಬ್ಬಿಯನ್ನು ಅವಳ ಮುಂದೆ ಇಟ್ಟೆ. ಹೊರಗೆ ಮಳೆ, ಕೆಲಸಕ್ಕೆ ರಜೆ. ಅವಳು ಕ್ಯಾಸೆಟ್ಟಿಗೆ ಅಂಟಿದ ಕಾಳುಗಳನ್ನು ಒಂದೊಂದಾಗಿ ಬಿಡಿಸಿದಳು, ಒಂದು ಸಲ ಊದಿದಳು, ಸೀನಿದಳು. ಗೇಮಿಗೆ ಸಿಕ್ಕಿಸಿ ಟಿವಿ ಹಾಕಿದರೆ ಆಟ ನಿಂತ ಜಾಗದಲ್ಲೇ ಇತ್ತು. ಜಲಪಾತ, ಚಪ್ಪಟೆ ಕಲ್ಲು, ಮುಚ್ಚಿದ ಬಾಗಿಲು.

"ರೈಟ್ರನ್ನ ತಗೋ" ಅಂದಳು.

ಕರಡಿಯನ್ನು ನಡೆಸಿಕೊಂಡು ಹೋಗಿ ಕಲ್ಲಿನ ಮೇಲೆ ಕೂರಿಸಿದೆ. ಗುಂಡಿ ಅದುಮಿದೆ. ಬಾಗಿಲು ಮೇಲೆದ್ದಿತು. ಮೂಲೆಯಲ್ಲಿ ಅದೇ ಗಂಟೆ ಹೊಳೆಯಿತು. ಮುಸಿಯ ಬಾಗಿಲ ಹತ್ತಿರ ಬಂದು ನಿಂತಿತು, ಅವಳು ಮುಂದೆ ಹೋಗಲಿಲ್ಲ. ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಕೈ ಐತಾ?"

ಆ ಮಾತನ್ನು ಅವಳು ನನಗೆ ಕೇಳಿ ವರ್ಷಗಳಾಗಿದ್ದವು.

"ಐತೆ" ಅಂದೆ.

ಮುಸಿಯ ಬಾಗಿಲೊಳಗೆ ಕಾಲಿಟ್ಟಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಟಿವಿ ಕಪ್ಪಾಯಿತು. ಅಕ್ಕ ಬೈದುಕೊಂಡು ಎದ್ದು, ಕುಂಟುತ್ತಾ ಹೋಗಿ ಸ್ವಿಚ್ ಆರಿಸಿದಳು. ತಿರುಗಿ ನನ್ನ ಕೈಯನ್ನೇ ನೋಡಿದಳು. ಪರದೆಯ ಮೇಲೆ ಕರಡಿಯೂ ಇಲ್ಲ, ಕಲ್ಲೂ ಇಲ್ಲ. ನನ್ನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು.